ವಾರಗಿತ್ತಿಯ ಮನೆ ಅಳೆದದ್ದು

ಯಶೋಧಾ ಒಂದು ಮನೆಯ ಮುಂದೆ ಚಪ್ಪಲಿ ಬಿಡುವಷ್ಟರಲ್ಲಿ ಆ ಮನೆಯ ಬೆಲೆ ಅವಳ ಮನಸ್ಸಿನಲ್ಲಿ ಕೂತಿರುತ್ತದೆ. ನಮ್ಮೂರಿನ ಪುರಸಭೆಯಲ್ಲಿ ಅವಳು ಕಂದಾಯ ನಿರೀಕ್ಷಕಿ. ಮನೆ, ಅಂಗಡಿ, ಗೋದಾಮು, ಖಾಲಿ ಸೈಟು, ಎಲ್ಲವನ್ನೂ ಅಳೆಸುತ್ತಾಳೆ. ಚಾವಣಿ ಆರ್‌ಸಿಸಿಯೋ ಶೀಟೋ, ನೆಲ ಗ್ರಾನೈಟೋ ಗಾರೆಯೋ, ಒಳಗೆ ಜನ ವಾಸವಿದ್ದಾರೋ ವ್ಯಾಪಾರ ನಡೆಸುತ್ತಾರೋ ಎಂದು ನೋಡಿ ಬರೆಯುತ್ತಾಳೆ. ಅವಳು ಬರೆದದ್ದರ ಮೇಲೆ ಆಸ್ತಿಯ ಮೌಲ್ಯ, ಮೌಲ್ಯದ ಮೇಲೆ ಕಂದಾಯ.

ಅವಳು ಬೀದಿಗೆ ಬಂದಳೆಂದರೆ ಎಲ್ಲ ಮನೆಗಳೂ ಬಡವಾಗುತ್ತವೆ. ಒಬ್ಬಾಕೆ ಹೊಸ ಗ್ರಾನೈಟ್ ನೆಲದ ತುಂಬ ಗೋಣಿಚೀಲ ಹಾಸಿ ಶೇಂಗಾ ಹರವಿ ಕೂತಿದ್ದಳಂತೆ. ಯಶೋಧಾ ಒಂದು ಚೀಲದ ಮೂಲೆಯನ್ನೂ ಎತ್ತಲಿಲ್ಲ. ಶೇಂಗಾ ಒಣಗಿದ ಮೇಲೆ ಬರ್ತೀನಿ ಬಿಡ್ರಿ ಎಂದು ಬಾಗಿಲಲ್ಲೇ ಹೇಳಿ ಹೋದಳು. ಮರುವಾರ ಹೋದಾಗ ಆಕೆಯೇ ನಾಚಿಕೊಂಡು ನೆಲ ಗುಡಿಸಿ ತೋರಿಸಿದಳು.

ಯಶೋಧಾಳಿಗೆ ಮಾತ್ರ ಸ್ವಂತ ಮನೆ ಇಲ್ಲ. ಕೆಲಸಕ್ಕೆ ಸೇರಿದ್ದು ಹಿರಿಯೂರಿನಲ್ಲಿ. ಅಲ್ಲೊಂದು ಬಾಡಿಗೆ ಮನೆ, ಆಮೇಲೆ ಹೊಳಲ್ಕೆರೆಯಲ್ಲೊಂದು, ಈಗ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿಯ ಹಿಂದೆ ಎರಡು ಕೋಣೆ. ಗಂಡ ಕನಕರಾಜ್ ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಾನೆ. ಸೋಮವಾರ ಸಂಜೆ ಅವಳೂ ನಾನೂ ಈಶ್ವರನ ಗುಡಿಯ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತೇವೆ. ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಎರಡು ವರ್ಷದಿಂದ ಅವಳ ಮಾತೆಲ್ಲ ಒಂದೇ ಮನೆಯ ಸುತ್ತ ತಿರುಗುತ್ತಿತ್ತು. ಅದು ಅವಳ ಮೈದುನ ಓಬಳೇಶ್ ಹೊಸದುರ್ಗದ ರಸ್ತೆಯಲ್ಲಿ ಕಟ್ಟಿಸಿದ ಮನೆ.

ಓಬಳೇಶ್ ಕುರಿ ವ್ಯಾಪಾರದಲ್ಲಿ ನಾಲ್ಕು ಕಾಸು ಮಾಡಿಕೊಂಡವನು. ಪಾಯ ತೆಗೆದ ದಿನದಿಂದ ಯಶೋಧಾ ಆಫೀಸಿಗೆ ಸುತ್ತಿನ ದಾರಿ ಹಿಡಿದಳು. ಆ ದಾರಿಯಲ್ಲಿ ಹೋದರೆ ಆ ಮನೆ ಕಾಣುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ನೋಡದಿದ್ದರೆ ಊಟ ಸೇರುವುದಿಲ್ಲ. ಮುಂಬಾಗಿಲು ತೇಗ ಅಂತಾರೆ, ತೇಗಕ್ಕೆ ಆ ಬಣ್ಣ ಎಲ್ಲಿ ಬರುತ್ತೆ ಎನ್ನುತ್ತಿದ್ದಳು. ಮೆಟ್ಟಿಲು ಸೊಟ್ಟ, ಸಂಪು ಚಿಕ್ಕದು, ಅಡುಗೆ ಮನೆಗೆ ಬೆಳಕಿಲ್ಲ. ಹೂವಿನ ದಾರ ಬಿಗಿದು ಬಿಗಿದು ಸೇವಂತಿಗೆಯ ಕತ್ತೇ ಮುರಿಯುತ್ತಿತ್ತು.

ಮನೆಯೊಂದೇ ಆಗಿದ್ದರೆ ಅವಳು ಸಹಿಸುತ್ತಿದ್ದಳೇನೋ. ಅದರ ಹಿಂದೆ ದೇವರೂ ಹೋಯಿತು.

ಇವರ ಮನೆತನದ್ದೊಂದು ದೇವರ ಪೆಟ್ಟಿಗೆ ಇದೆ. ಹಿರಿಯರು ಕುರಿ ಕಾಯುತ್ತ ಹಟ್ಟಿಯಿಂದ ಹಟ್ಟಿಗೆ ತಲೆಯ ಮೇಲೆ ಹೊತ್ತು ತಿರುಗಿದ ಮರದ ಪೆಟ್ಟಿಗೆ. ಒಳಗೆ ಬೆಳ್ಳಿಯ ಚಿಕ್ಕ ಮುಖ, ಒಂದು ಬೆತ್ತ, ಭಂಡಾರದ ಚೀಲ. ಬರಿ ನೆಲಕ್ಕೆ ಇಡುವಂತಿಲ್ಲ, ಮಡಿಸಿದ ಕರಿಕಂಬಳಿಯ ಮೇಲೆ ಇರಬೇಕು. ದೀಪಾವಳಿ ಕಳೆದ ಸೋಮವಾರ ಹಿರಿಮಗ ಉಪವಾಸವಿದ್ದು ಅದನ್ನು ತಲೆಯ ಮೇಲೆ ಹೊತ್ತು ಹೊರಗೆ ತರುತ್ತಾನೆ. ಹಾಲುರಾಮೇಶ್ವರದ ಕೊಳಕ್ಕೆ ಹೋಗಿ ಗಂಗೆಪೂಜೆ ಮಾಡಿಕೊಂಡು ಬರುತ್ತಾರೆ. ಹಿರಿಮಗನೆಂದರೆ ಕನಕರಾಜ್. ಪೆಟ್ಟಿಗೆಯ ಜೊತೆಗೆ ಅತ್ತೆ ನಿಂಗಕ್ಕನೂ ಯಶೋಧಾಳ ಮನೆಯಲ್ಲೇ ಇದ್ದಳು. ಸೊಸೆ ವರ್ಗವಾದಲ್ಲೆಲ್ಲ ಅತ್ತೆ, ಅತ್ತೆ ಹೋದಲ್ಲೆಲ್ಲ ದೇವರು.

ಬಾಡಿಗೆ ಮನೆಯ ಬಾಗಿಲು ಗಿಡ್ಡ. ಪೆಟ್ಟಿಗೆ ಹೊತ್ತವನು ತಲೆ ತಗ್ಗಿಸಬಾರದೆಂದು ಇವರಲ್ಲಿ ನೇಮ. ತಗ್ಗಿಸಿದರೆ ದೇವರನ್ನು ಬಗ್ಗಿಸಿದ ಹಾಗೆ. ಹಾಗಾಗಿ ಕನಕರಾಜ್ ಕತ್ತು ನೆಟ್ಟಗಿಟ್ಟುಕೊಂಡು, ಮಂಡಿ ಮಡಿಸಿ, ಬಾತುಕೋಳಿಯ ಹಾಗೆ ಹೊಸ್ತಿಲು ದಾಟುತ್ತಿದ್ದ. ನಾವು ಬೀದಿಯವರು ಬಾಯಿಗೆ ಸೆರಗು ಹಿಡಿಯುತ್ತಿದ್ದೆವು. ಅದನ್ನು ನೋಡಲಾರದ ನಿಂಗಕ್ಕ ಆ ದಿನ ಪ್ರಸಾದ ಬಿಟ್ಟು ಬೇರೇನೂ ಬಾಯಿಗೆ ಹಾಕುತ್ತಿರಲಿಲ್ಲ.

ಓಬಳೇಶನ ಗೃಹಪ್ರವೇಶವಾಗಿ ತಿಂಗಳು ಕಳೆಯುವುದರೊಳಗೆ ನಿಂಗಕ್ಕ ಗಂಟು ಕಟ್ಟಿದಳು.

"ದೇವ್ರಿಗೆ ಬಾಡ್ಗೆ ಮನೆ ಸಾಕಾಗೈತೆ ಕಣವ್ವ" ಎಂದಳಂತೆ.

ಯಶೋಧಾ ಪೆಟ್ಟಿಗೆ ಇದ್ದ ಜಾಗವನ್ನು ಒರೆಸಲಿಲ್ಲ. ಕಂಬಳಿಯ ಗುರುತು ಗೋಡೆಯ ಬದಿಗೆ ಚೌಕವಾಗಿ ಉಳಿದಿತ್ತು, ಅದರ ಮೇಲೆ ಅವಳು ದಿನವೂ ಒಂದು ಹೂ ಇಡುತ್ತಿದ್ದಳು. ಆಮೇಲೆ ಓಬಳೇಶನ ಮನೆಗೆ ಕಾಲಿಡಲಿಲ್ಲ. ದೇವರನ್ನು ಎಲ್ಲಿ ಕೂರಿಸಿದ್ದಾರೆ ಎಂದು ಯಾರನ್ನೂ ಕೇಳಲಿಲ್ಲ.

ಹೊಸದುರ್ಗದ ರಸ್ತೆಯ ಹೊಸ ಮನೆಗಳನ್ನು ಅಳೆಯುವ ಕೆಲಸ ಅವಳ ಪಾಲಿಗೇ ಬಂತು. ನೆಂಟರ ಮನೆಯಾದರೆ ಮುಖ್ಯಾಧಿಕಾರಿಗೆ ಹೇಳಿ ಬೇರೆಯವರನ್ನು ಕಳಿಸಬೇಕು. ಅದು ಅವಳಿಗೆ ಗೊತ್ತು, ಹೊಸಬರಿಗೆ ಅವಳೇ ಹೇಳಿಕೊಡುವ ಮಾತು. ಈ ಸಲ ಹೇಳಲಿಲ್ಲ. ಕರವಸೂಲಿಯ ತಿಪ್ಪೇರುದ್ರಪ್ಪನಿಗೆ ಟೇಪು ಹಿಡಿಸಿಕೊಂಡು ಹೋದಳು.

ವಾರಗಿತ್ತಿ ರೇಣುಕಮ್ಮ ಬಾ ಅಕ್ಕ ಎನ್ನುತ್ತ ಬಂದವಳು ಹಿಂದಿದ್ದ ಟೇಪು ನೋಡಿದಳು.

"ಓ, ಬಂದಿರೋದು ಅಕ್ಕ ಅಲ್ಲ, ಆಫೀಸು. ಬರ್ರಿ, ಕುಂತ್ಕಳ್ರಿ."

ಮಜ್ಜಿಗೆ ಕೊಟ್ಟಳು. ಯಶೋಧಾ ಲೋಟವನ್ನು ಕಿಟಕಿಯ ಮೇಲಿಟ್ಟು ಗೋಡೆ ತಟ್ಟತೊಡಗಿದಳು. ಅಳತೆಯೇನೋ ಸರಿಯಾಗಿಯೇ ನಡೆಯಿತು, ಟೇಪಿನಲ್ಲಿ ಮೋಸ ಮಾಡುವವಳಲ್ಲ ಅವಳು. ಸೊಟ್ಟ ಎಂದಿದ್ದ ಮೆಟ್ಟಿಲು ನೆಟ್ಟಗಿತ್ತು. ಅಡುಗೆ ಮನೆಗೆ ಎರಡು ಕಡೆಯಿಂದ ಬೆಳಕು. ಬಾಗಿಲು ತೇಗವೇ. ಒಂದೊಂದು ಬರೆಸುವಾಗಲೂ ಅವಳ ದನಿ ಗಟ್ಟಿಯಾಗುತ್ತ ಹೋಯಿತಂತೆ.

ಕೊನೆಗೆ ಉಳಿದದ್ದು ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆ. ಗೃಹಪ್ರವೇಶದ ದಿನ ಅಲ್ಲಿ ಗೋಡೆಯ ಜಾಗ ತೆರೆದೇ ಇತ್ತು, ಅಡುಗೆಯವರ ಪಾತ್ರೆ ಇಟ್ಟಿದ್ದರು. ಈಗ ಅಲ್ಲಿ ಎತ್ತರದ ರೋಲಿಂಗ್ ಶಟರ್ ಬಂದಿತ್ತು. ಕೋಣೆಯ ಒಳಬಾಗಿಲಿಗೆ ಬೀಗ.

"ಅದು ಅತ್ತೆ ಬೀಗ ಅಕ್ಕ. ಅತ್ತೆ ಹರಿಯಬ್ಬೆಗೆ ಹೋಗ್ಯಾರೆ, ಕೀಲಿ ಅವರ ಸೊಂಟದಾಗೆ ಹೋಗೈತೆ."

ತಿಪ್ಪೇರುದ್ರಪ್ಪ ಟೇಪು ಸುತ್ತುತ್ತ, ಅಜ್ಜಿ ಬಂದ ಮೇಲೆ ಇನ್ನೊಂದ್ಸಲ ಬರಾಣ, ಒಳಗೆ ನೋಡದೆ ಬರೆಯೋ ಹಂಗಿಲ್ಲವಲ್ಲ ಎಂದ. ಆ ಮಾತೂ ಯಶೋಧಾಳೇ ಅವನಿಗೆ ಕಲಿಸಿದ್ದು. ಒಳಗೇನಿದೆ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ರೇಣುಕಮ್ಮನ ಬಾಯಿಂದ ಇನ್ನೊಂದು ಹೊಸ ವೈಭವ ಕೇಳಬೇಕಾಗುತ್ತದೆ ಎಂದು ಅವಳಿಗೆ ಅನಿಸಿತು. ಇಷ್ಟು ವರ್ಷದಲ್ಲಿ ಅವಳು ನೋಡಿದ ಶಟರುಗಳ ಹಿಂದೆಲ್ಲ ಕಿರಾಣಿಯೋ, ಗೊಬ್ಬರವೋ, ಝೆರಾಕ್ಸ್ ಮೆಷಿನ್ನೋ ಇರುತ್ತಿತ್ತು.

"ಶಟರ್ ಐತಲ್ಲ, ಅಂಗಡಿ. ಬರ್ಕಳ್ರಿ" ಎಂದಳು.

ಒಂದು ಕೋಣೆ ಅಂಗಡಿಯಾದರೆ ಅದರ ಕಂದಾಯ ಬೇರೆ, ಕಸದ ಶುಲ್ಕ ಬೇರೆ, ಮೇಲೆ ವ್ಯಾಪಾರದ ಲೈಸೆನ್ಸು ತೋರಿಸಿ ಎಂಬ ನೋಟೀಸು. ಮಜ್ಜಿಗೆ ಕುಡಿಯದೆ ಬಂದ ಯಶೋಧಾಳಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ಅದನ್ನು ಅವಳು ನನಗೆ ಹೇಳಿದ್ದು ಹೂವಿನ ದಾರದಿಂದ ಕಣ್ಣೆತ್ತದೆ.

ನೋಟೀಸು ಹೋಯಿತು. ಓಬಳೇಶ್ ತಕರಾರು ತರುತ್ತಾನೆಂದು ಅವಳು ಕಾದಳು. ಯಾರೂ ಬರಲಿಲ್ಲ.

ದೀಪಾವಳಿ ಕಳೆಯಿತು. ಸೋಮವಾರ ಹಿರಿಮಗನೇ ಪೆಟ್ಟಿಗೆ ಹೊರಬೇಕಾದ್ದರಿಂದ ಯಶೋಧಾ ಹೋಗದೆ ಗತಿಯಿರಲಿಲ್ಲ. ನನ್ನನ್ನೂ ಜೊತೆಗೆ ಕರೆದಳು, ಒಬ್ಬಳೇ ಹೋಗಲು ಕಾಲು ಬರದೆ. ಅಣ್ಣತಮ್ಮಂದಿರ ಮನೆಯವರೆಲ್ಲ ರಸ್ತೆಯಲ್ಲಿ ನೆರೆದಿದ್ದರು. ಡೊಳ್ಳು ಶುರುವಾಯಿತು. ಕನಕರಾಜ್ ಹೆಗಲಿಗೆ ಕಂಬಳಿ ಹಾಕಿಕೊಂಡು ಒಳಗೆ ಹೋದ. ಯಶೋಧಾಳ ಕಣ್ಣು ತೇಗದ ಬಾಗಿಲ ಮೇಲಿತ್ತು.

ಗರಗರ ಎಂದು ಶಟರ್ ಮೇಲಕ್ಕೆ ಹೋಯಿತು.

ಒಳಗೆ ಬರಿಯ ಸುಣ್ಣದ ಗೋಡೆ, ಸಗಣಿ ಸಾರಿಸಿದ ನೆಲ, ಒಂದು ದೀಪ, ಕಟ್ಟೆಯ ಮೇಲೆ ಕರಿಕಂಬಳಿ. ಕನಕರಾಜ್ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನೆಟ್ಟಗೆ ನಿಂತ, ನೆಟ್ಟಗೆ ನಡೆದು ರಸ್ತೆಗೆ ಬಂದ. ಪೆಟ್ಟಿಗೆಯ ಮೇಲಿನ ಹೂವಿನ ಚೆಂಡಿಗೂ ಏನೂ ತಾಗಲಿಲ್ಲ. ಇಷ್ಟು ವರ್ಷದಲ್ಲಿ ಅವನು ಮಂಡಿ ಮಡಿಸದೆ ದೇವರನ್ನು ಹೊತ್ತದ್ದು ಅಂದೇ. ನಾನು ಕೈಮುಗಿದೆ. ಮುಗಿದು ಪಕ್ಕಕ್ಕೆ ನೋಡಿದರೆ ಯಶೋಧಾ ಕೈಮುಗಿಯದೆ ಶಟರನ್ನೇ ನೋಡುತ್ತಿದ್ದಳು.

ಹಾಲುರಾಮೇಶ್ವರದಿಂದ ಬಂದು ಊಟಕ್ಕೆ ಕೂತಾಗ ರೇಣುಕಮ್ಮ ಬಡಿಸುತ್ತ ಅವಳ ಎಲೆಯ ಮುಂದೆ ನಿಂತಳು.

"ಅಂಗಡಿ ಅಂತ ಬರ್ದಿದೀಯ. ಅಂಗಡಿ ಅಂದ ಮ್ಯಾಲೆ ಏನಾದ್ರೂ ಮಾರ್ಬೇಕಲ್ಲಕ್ಕ. ಅತ್ತೆನ್ನ ಮಾರಾಣ ಅಂದ್ರೆ ಯಾರೂ ಕೇಳ್ತಾ ಇಲ್ಲ."

ಪಂಕ್ತಿಯೆಲ್ಲ ನಕ್ಕಿತು. ನಿಂಗಕ್ಕ ನಗಲಿಲ್ಲ. ನೋಟೀಸಿನ ಸುದ್ದಿ ಅವಳಿಗೆ ತಿಳಿದದ್ದೇ ಆಗ. ಸೊಸೆಯ ಎದುರು ಬಂದು ಕೂತಳು.

"ನಮ್ ದೇವ್ರುನ್ನ ಅಂಗಡಿಯಾಗೆ ಕುಂಡ್ರಿಸಿದೀಯಲ್ಲೇ, ಯಶೋಧಾ. ಬಾಗ್ದಂಗೆ ಬರ್ಲಿ ಅಂತ ನಾನೇ ಹಟ ಮಾಡಿ ಶಟರ್ ಹಾಕ್ಸಿದ್ದು. ಒಂದು ಮಾತು ಕೇಳ್ಬಾರ್ದಿತ್ತಾ?"

ಯಶೋಧಾ ಎಲೆಯ ಮೇಲಿನ ಅನ್ನ ಕಲಸುತ್ತಲೇ ಇದ್ದಳು. ಆಮೇಲೆ, ನೀವು ಹೇಳ್ದೆ ಹೋದ್ರಲ್ಲ ಅತ್ತೆ, ಬಾಡ್ಗೆ ಮನೆ ಸಾಕಾಗೈತೆ ಅಂದ್ರಿ, ಬಾಗ್ಲು ಗಿಡ್ಡ ಐತೆ ಅನ್ಲಿಲ್ಲ ಎಂದಳು. ನಿಂಗಕ್ಕ ಅವಳ ಹತ್ತಿರಕ್ಕೆ ಸರಿದಳು.

"ಮನೆ ಬಾಡ್ಗೇದಾದ್ರೇನು, ಸ್ವಂತದ್ದಾದ್ರೇನು. ಬಾಗ್ದಂಗೆ ಒಳಕ್ ಬರೋ ಬಾಗ್ಲು ಇರೋ ಮನೆ ಮಾಡು. ಬರೋ ದೀಪಾವಳಿಗೆ ಪೆಟ್ಟಿಗೆನೂ ಬರ್ತೈತೆ, ನಾನೂ ಬರ್ತೀನಿ. ಹಿರಿಮಗನ ಮನೇದು ಅದು."

ಸಾರಿನ ಬಕೀಟು ಹಿಡಿದಿದ್ದ ರೇಣುಕಮ್ಮನ ಮುಖ ಇಳಿದುಹೋಯಿತು. ಪೆಟ್ಟಿಗೆಗೆಂದೇ ಒಂದು ಕೋಣೆ ಕಟ್ಟಿಸಿದವಳು ಅವಳು. ಈ ಮುಖವನ್ನು ಯಶೋಧಾ ಎರಡು ವರ್ಷದಿಂದ ತನ್ನ ಕನ್ನಡಿಯಲ್ಲಿ ನೋಡಿದ್ದಳು, ಗುರುತು ಸಿಗದೆ ಇರುತ್ತದೆಯೇ. ಒಂದು ಲೋಟ ಮಜ್ಜಿಗೆ ಹಾಕಮ್ಮ ಎಂದು ಕೇಳಿ, ಹನಿ ಬಿಡದೆ ಕುಡಿದಳು.

ಮಾರನೇ ದಿನ ಮುಖ್ಯಾಧಿಕಾರಿಯ ಮುಂದೆ ನಿಂತು, ಅದು ನನ್ನ ಮೈದುನನ ಮನೆ, ಕೋಣೆಯ ಒಳಗೆ ನೋಡದೆ ಬರೆದೆ, ಬೇರೆಯವರು ಹೋಗಿ ನೋಡಲಿ ಎಂದಳು. ಬೈಸಿಕೊಂಡಳು. ಬೇರೊಬ್ಬ ನಿರೀಕ್ಷಕರು ತಿಪ್ಪೇರುದ್ರಪ್ಪನನ್ನು ಕರೆದುಕೊಂಡು ಹೋದರು. ಓಬಳೇಶ್ ಊರಲ್ಲಿರಲಿಲ್ಲ, ರೇಣುಕಮ್ಮ ಟೇಪು ಮುಟ್ಟುವುದಿಲ್ಲ ಎಂದು ಅಡುಗೆ ಮನೆ ಸೇರಿದಳು. ಮನೆಯವರ ಕಡೆಯಿಂದ ಟೇಪಿನ ತುದಿ ಹಿಡಿಯಲು ನಿಂಗಕ್ಕ ಹಿರಿಸೊಸೆಗೇ ಹೇಳಿಕಳಿಸಿದಳು. ಊರೆಲ್ಲ ಅಳೆಯುವವಳು ಪೆಟ್ಟಿಗೆಯ ಪಕ್ಕದಲ್ಲಿ ಗೋಡೆಗೆ ಒರಗಿ, ಟೇಪಿನ ಸೊನ್ನೆಯ ತುದಿ ಹಿಡಿದು ನಿಂತಳು. ಕೋಣೆ ವಾಸದ ಲೆಕ್ಕಕ್ಕೆ ಸೇರಿತು. ಆ ಕೋಣೆಯೊಂದೇ ನನ್ನ ಎರಡು ಕೋಣೆಗಿಂತ ದೊಡ್ಡದು ಕಣ್ರಿ ಎಂದು ಸಂಜೆ ನನ್ನ ಹತ್ತಿರ ಹೇಳಿದಳು. ಉರಿ ಆರಿರಲಿಲ್ಲ.

ಈಗ ಯಶೋಧಾ ಮನೆ ಹುಡುಕುತ್ತಿದ್ದಾಳೆ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಮನೆಯ ಮಾಲೀಕ ಏಕಾಂತಪ್ಪ ನಲ್ಲಿ ತೋರಿಸಿದರು, ಬಚ್ಚಲು ತೋರಿಸಿದರು, ಬೋರಿನ ನೀರು ಸಿಹಿ ಎಂದರು. ಅವಳು ಯಾವುದನ್ನೂ ನೋಡಲಿಲ್ಲ. ಹೊಸ್ತಿಲ ಮೇಲೆ ನಿಂತು ಬ್ಯಾಗಿನಿಂದ ಟೇಪು ತೆಗೆದು, ಸೊನ್ನೆಯ ತುದಿಯನ್ನು ನನ್ನ ಕೈಗೆ ಕೊಟ್ಟು ನೆಲಕ್ಕೆ ಒತ್ತಿಹಿಡಿಯಲು ಹೇಳಿದಳು. ಇನ್ನೊಂದು ತುದಿಯನ್ನು ಬಾಗಿಲ ಮೇಲಿನ ಪಟ್ಟಿಗೆ ಎಳೆದಳು.

ಏಕಾಂತಪ್ಪನವರು ಗಾಬರಿಯಾದರು.

"ಕಂದಾಯ ಜಾಸ್ತಿ ಮಾಡಾಕೆ ಬಂದೀರೇನವ್ವ? ಬಾಡ್ಗೆಗೆ ಅಂದಿದ್ರಿ."

"ಬಾಡ್ಗೆಗೇ ಯಜಮಾನ್ರೆ" ಎಂದಳು ಯಶೋಧಾ, ಕತ್ತು ಎತ್ತಿ ಓದುತ್ತ. "ನಮ್ಮನೆಯೋರು ಎತ್ತರ ಅದಾರೆ. ಅವರ ತಲೆ ಮ್ಯಾಲೆ ಇನ್ನೊಬ್ರು ಅದಾರೆ."

ಪೆಟ್ಟಿಗೆಯ ಮೇಲಿನ ಹೂವಿನ ಚೆಂಡಿಗೆ ಇನ್ನೂ ನಾಲ್ಕು ಬೆರಳು ಎತ್ತರ ಕಡಿಮೆ ಎಂದು ಟೇಪು ಸುತ್ತಿದಳು. ಬರುವಾಗ ಹೊಸದುರ್ಗದ ರಸ್ತೆಯಲ್ಲೇ ಬಂದೆವು. ಇಳಿಸಿದ ಶಟರಿಗೆ ಅವಳು ಕೈಮುಗಿದಳು. ಮುಗಿದ ಕೈ ಬಿಡುವ ಮೊದಲೇ, ನೋಡ್ರಿ, ರೇಣುಕಮ್ಮ ಮ್ಯಾಲೆ ಹೊಸದಾಗಿ ಬಣ್ಣ ಹೊಡ್ಸಿದಾಳೆ, ಪೆಟ್ಟಿಗೆ ಬಿಡಬಾರ್ದು ಅಂತ ಎಂದಳು. ಇನ್ನೊಂದು ಮನೆ ಖಾಲಿ ಇದೆಯೆಂದು ಕೇಳಿದ್ದೆ, ಹಳೆಯ ಕಾಲದ್ದು, ಬಾಗಿಲು ಎತ್ತರ. ಅದನ್ನು ಹೇಳಿದೆ. ನಡೀರಿ ಹೋಗಾಣ ಎಂದು ಅವಳು ಆಗಲೇ ತಿರುಗಿದ್ದಳು.