ಮುಚ್ಚಳದಲ್ಲಿ ಹಿಡಿಯದ ಚಿತ್ರ

ಮೊನ್ನೆ ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವರು ಬುತ್ತಿ ಬಿಚ್ಚಿದರು. ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ಘಮ. ಬನಹಟ್ಟಿಯ ನಮ್ಮ ಓಣಿ, ಎದುರುಮನೆಯ ಕಾಕು, ಅವರ ಪಡಸಾಲೆಯಲ್ಲಿ ಬೆಳಗಾದರೆ ಶುರುವಾಗುತ್ತಿದ್ದ ಒನಕೆಯ ಸದ್ದು, ಎಲ್ಲ ಒಟ್ಟಿಗೇ ನುಗ್ಗಿ ಬಂದವು…

ಕಾಕು ನಮಗೆ ಸಂಬಂಧಿಕರಲ್ಲ. ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ನಾಲ್ಕೈದು ಹೆಂಗಸರನ್ನು ಕೂಡಿಸಿಕೊಂಡು ಶೇಂಗಾ, ಅಗಸೆ, ಗುರೆಳ್ಳಿನ ಚಟ್ನಿ ಕುಟ್ಟಿ ರಬಕವಿ, ಜಮಖಂಡಿಯ ಅಂಗಡಿಗಳಿಗೆ ಕೊಡುತ್ತಿದ್ದರು. ನಾನು ಆಗಷ್ಟೇ ಡಿಸೈನ್ ಕಲಿತು ಊರಿಗೆ ಬಂದಿದ್ದೆ. ಕಂಪ್ಯೂಟರಿನ ಮುಂದೆ ಕೂತು ಚಿತ್ರ ಬರೆಯುವುದೂ ಒಂದು ಕೆಲಸವೆಂದು ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಬಿ.ಎಡ್. ಮಾಡು ಎಂದು ಅಪ್ಪ ದಿನಾ ಹೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಕಾಕು ಬಂದು, "ನಮ್ಮ ಚಟ್ನಿಗೊಂದು ಗುರ್ತ ಮಾಡಿಕೊಡವಾ. ನೋಡಿದ ಕೂಡ್ಲೆ ಇದು ಇವರದ ಅನ್ನಬೇಕು" ಎಂದರು.

ನನ್ನ ಮೊದಲ ಲೋಗೋ. ಕಲಿತದ್ದನ್ನೆಲ್ಲ ಅದರಲ್ಲಿ ತುರುಕಿದೆ. ಒರಳ ಮುಂದೆ ಒನಕೆ ಎತ್ತಿ ನಿಂತ ಕಾಕು, ಅವರ ಇಳಕಲ್ ಸೀರೆಯ ದಡಿ, ಸುತ್ತ ಶೇಂಗಾ ಬಳ್ಳಿ, ಅದರಾಚೆ ದುಂಡಗೆ ಚಟ್ನಿಯ ಹೆಸರು. ಫ್ಲೆಕ್ಸ್ ಮಾಡಿಸಿ ಬಾಗಿಲ ಮೇಲೆ ಕಟ್ಟಿದಾಗ ಓಣಿಯೇ ನಿಂತು ನೋಡಿತು. ಬಂದವರಿಗೆಲ್ಲ ಕಾಕು, "ಅದು ನಾನ ನೋಡ್ರಿ" ಎಂದು ತೋರಿಸುತ್ತಿದ್ದರು.

ಆಮೇಲೆ ಅದೇ ಚಿತ್ರ ಡಬ್ಬಿಯ ಮುಚ್ಚಳಕ್ಕೆ ಸ್ಟಿಕ್ಕರ್ ಆಗಿ ಬಂತು. ಅಷ್ಟು ಚಿಕ್ಕ ಜಾಗದಲ್ಲಿ ದಡಿ, ಬಳ್ಳಿ, ಮುಖ ಎಲ್ಲ ಕಲಸಿ ಮಸಿಯ ಮುದ್ದೆಯಾಗಿತ್ತು. ಹೆಸರು ಓದುವ ಹಾಗೇ ಇರಲಿಲ್ಲ. ಗುಂಪಿನ ಹೆಂಗಸೊಬ್ಬಳು ಮುಚ್ಚಳವನ್ನು ಅತ್ತ ಇತ್ತ ತಿರುಗಿಸಿ, "ಇದೇನ ಬೇ, ಕೆರ್ಯಾಗಿನ ಕಪ್ಪಿ ಕುಂತಂಗ ಐತಿ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸಂಜೆ ಅಪ್ಪನಿಗೆ, ಬಿ.ಎಡ್. ಸೇರುತ್ತೇನೆ ಎಂದುಬಿಟ್ಟೆ.

ಮರುದಿನ ಕಾಕು ಬಂದರು.

"ಬ್ಯಾರೇದವರ ಕಡೆ ಮಾಡಸ್ರಿ ಕಾಕು, ನನಗ ಆಗಂಗಿಲ್ಲ" ಎಂದೆ.

ಅವರು ನೆಲಕ್ಕೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. "ಚಿತ್ರದ್ದು ನನಗೇನೂ ತಿಳ್ಯಾಂಗಿಲ್ಲವಾ. ನಿನಗ ತಿಳೀತೈತಿ. ಇನ್ನೊಮ್ಮೆ ಮಾಡು. ಅಲ್ಲೀತನ ಸ್ಟಿಕ್ಕರ್ ಇಲ್ಲದ ಡಬ್ಬಿ ಮಾರ್ತೇವಿ."

ಮತ್ತೆ ಕೂತೆ. ಜಾಗ ಕಿರಿದಾದಂತೆ ಚಿತ್ರವೂ ಹಗುರಾಗಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರು, ಅದು ನನಗೆ ಅರ್ಥವಾದದ್ದು ಆಗ. ಬೋರ್ಡಿಗೆ ಇಡೀ ಚಿತ್ರ ಇರಲಿ. ಬಟ್ಟೆಯ ಚೀಲಕ್ಕೆ ಒರಳು ಮತ್ತು ಹೆಸರು ಸಾಕು. ಮುಚ್ಚಳಕ್ಕೂ, ಫೋನಿನಲ್ಲಿ ಹೆಸರಿನ ಪಕ್ಕ ಕಾಣುವ ಪುಟ್ಟ ವೃತ್ತಕ್ಕೂ ಒರಳು-ಒನಕೆ ಎರಡೇ, ದಪ್ಪ ಗೆರೆಯಲ್ಲಿ. ಒಂದೇ ಬಣ್ಣದ ರಬ್ಬರ್ ಸ್ಟ್ಯಾಂಪ್ ಒತ್ತಿದರೂ ಗುರುತು ಸಿಗುತ್ತಿತ್ತು. ಆದರೆ ಮುಚ್ಚಳದ ಮೇಲೆ ಕಾಕು ಇರಲಿಲ್ಲ. ಅದನ್ನು ಅವರಿಗೆ ತೋರಿಸಲು ನನಗೆ ಧೈರ್ಯವೇ ಸಾಲಲಿಲ್ಲ…

ಕೊನೆಗೂ ತೋರಿಸಿದೆ. ಬಹಳ ಹೊತ್ತು ನೋಡಿದರು.

"ನಾ ಎಲ್ಲಿ ಹೋದ್ನಿ?"

"ಇಷ್ಟ ಸಣ್ಣದರಾಗ ನಿಮ್ಮನ್ನ ನಿಂದರಸಾಕ ಆಗವಲ್ದು ಕಾಕು."

ಮುಖ ಸಪ್ಪಗಾಯಿತು. ಆಮೇಲೆ ತಾವೇ ಸ್ಟಿಕ್ಕರನ್ನು ಡಬ್ಬಿಗೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಕಟ್ಟೆಯ ಮೇಲಿಟ್ಟು ಓಣಿಯ ಆ ತುದಿಗೆ ನಡೆದುಹೋದರು. ಅಲ್ಲಿಂದಲೇ ಕೂಗಿದರು, "ಕಾಣತೈತಿ ಬಿಡು!"

ಬಿ.ಎಡ್. ಸೇರುವುದಿಲ್ಲ ಎಂದು ಅಂದೇ ಅಪ್ಪನಿಗೆ ಹೇಳಿದೆ, ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಇಂದು ಜಮಖಂಡಿಯಲ್ಲಿ ನನ್ನದೇ ಸಣ್ಣ ಡಿಸೈನ್ ಅಂಗಡಿಯಿದೆ. ಬೀಳಗಿಯ ಬೆಲ್ಲದವರು, ರಬಕವಿಯ ಸೀರೆಯವರು ಹುಡುಕಿಕೊಂಡು ಬರುತ್ತಾರೆ.

ಕಾಕು ತೀರಿಕೊಂಡಾಗ ಅವರ ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಅವರ ಜೊತೆ ಚಟ್ನಿ ಕುಟ್ಟುತ್ತಿದ್ದ ಹೆಂಗಸೊಬ್ಬರು ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು: "ಆವತ್ತ ಮುಚ್ಚಳದ ಚಿತ್ರಾ ಕೆಟ್ಟಾಗ ನಾವೆಲ್ಲಾರೂ ಪ್ರಿಂಟಿಂಗ್ ಪ್ರೆಸ್ಸಿನವರ ಕಡೆ ಮಾಡಸೂಣು ಅಂತ ಜಗಳಾ ತಗದಿದ್ವಿ. ಆಕಿ ಕೇಳಲಿಲ್ಲ. 'ಈಗ ಕೆಲಸಾ ಕಸಗೊಂಡ್ರ ಆ ಹುಡುಗಿ ಮತ್ತ ಚಿತ್ರಾ ತಗ್ಯಾಂಗಿಲ್ಲ' ಅಂದ್ಲು."

ಅಷ್ಟು ವರ್ಷ ಎದುರುಬದುರು ಇದ್ದರೂ ಕಾಕು ಈ ಜಗಳದ ಸುದ್ದಿ ಎತ್ತಿರಲಿಲ್ಲ. ಎತ್ತಿದ್ದರೆ ಒಂದು ಒಳ್ಳೆಯ ಮಾತಾದರೂ ಹೇಳುತ್ತಿದ್ದೆ. ಈಗ ಕೇಳಿಸಿಕೊಳ್ಳಲು ಅವರಿಲ್ಲ. ಅವರು ಕಸಿದುಕೊಳ್ಳದೆ ನನ್ನ ಕೈಯಲ್ಲೇ ಉಳಿಸಿದ ಕೆಲಸಕ್ಕೆ ನಾನು ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತೇನೆ.