ಗ್ರೀಕಿನ ಒಬ್ಬನೇ ಮುದುಕ

ವಾಸನೆಯೊಂದು ಹಳೆಯ ನೆನಪನ್ನು ಕೈಹಿಡಿದು ಕರೆತರುತ್ತದೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಬರೆಯುವವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡದ್ದು ಅಂತಲೇ ನನ್ನ ಅನುಮಾನ. ಆದರೆ ಕಳೆದ ವಾರ ಬಾಗಲಕೋಟೆಯ ನವನಗರದ ಅಂಗಡಿಯೊಂದರಲ್ಲಿ ಪೆನ್ನು ಕೊಳ್ಳುತ್ತಿದ್ದಾಗ, ಪಕ್ಕದ ಡಬ್ಬಿಯಿಂದ ಸ್ಟ್ರಾಬೆರಿ ವಾಸನೆ ಮೂಗಿಗೆ ಬಡಿಯಿತು. ಪೆನ್ಸಿಲ್ ಅಳಿಸುವ ಗುಲಾಬಿ ಬಣ್ಣದ ರಬ್ಬರು. ಒಂದು ಗಳಿಗೆ ನಾನು ಇಳಕಲ್ಲಿನ ನಮ್ಮ ಓಣಿಯ ಮೂಲೆಯಲ್ಲಿ, ತಗಡಿನ ಸಣ್ಣ ಅಂಗಡಿಯ ಮುಂದೆ ನಿಂತಿದ್ದೆ...

ಆ ಅಂಗಡಿ ನಡೆಸುತ್ತಿದ್ದವರನ್ನು ಓಣಿಯವರೆಲ್ಲ ‘ಸರ್’ ಎನ್ನುತ್ತಿದ್ದರು. ಬಾಗಲಕೋಟೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇದ್ದು, ನಿವೃತ್ತಿಯಾದ ಮೇಲೆ ನಮ್ಮೂರಿಗೆ ಬಂದು ನೋಟುಬುಕ್ಕು, ಪೆನ್ನು, ಅಂಟು ಮಾರುತ್ತಿದ್ದರು. ಕಾಲೇಜಿನಲ್ಲಿ ಇದ್ದರು ಅಂದರೆ ಪಾಠ ಹೇಳುತ್ತಿದ್ದರು ಅಂತಲೇ ಎಲ್ಲರೂ ತಿಳಿದರು. ಏನಾಗಿ ಇದ್ದರು ಎಂದು ಯಾರೂ ಕೇಳಲಿಲ್ಲ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅವರ ಬಳಿ ಸ್ಟ್ರಾಬೆರಿ ರಬ್ಬರು ಕೇಳಿದೆ. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು:

“ಆ ಹಣ್ಣ ತಿಂದೀಯೇನವಾ?”

“ಇಲ್ಲರಿ.”

“ನೋಡೀಯೇನು?”

“ಚಿತ್ರದಾಗ ನೋಡೇನ್ರಿ.”

“ಮತ್ತ ಇದು ಅದರ ವಾಸನಿ ಅಂತ ಹೆಂಗ ಅಂತಿ?”

“ಮ್ಯಾಲ ಬರದಾರಲ್ರಿ.”

“ಬರದವರು ತಿಂದಾರೇನು?”

ನನಗೆ ಸಿಟ್ಟು ಬಂತು. ಮಾತಿನಲ್ಲಿ ಸೋತರೆ ನನಗೆ ಊಟ ಸೇರುತ್ತಿರಲಿಲ್ಲ. ಅವರು ರಬ್ಬರು ಕೊಟ್ಟು, ಗ್ರೀಕ್ ದೇಶದಲ್ಲಿ ಒಬ್ಬ ಮುದುಕನಿದ್ದ ಎಂದು ಶುರುಮಾಡಿದರು. ಜನ ಗುಹೆಯಲ್ಲಿ ಕೂತು ಎದುರಿನ ಗೋಡೆಯ ಮೇಲೆ ಬೀಳುವ ನೆರಳನ್ನೇ ನೋಡಿ, ಅದೇ ಲೋಕ ಅಂದುಕೊಂಡಿರುತ್ತಾರೆ. ನಿಜವಾದ ವಸ್ತುಗಳು ಅವರ ಬೆನ್ನ ಹಿಂದೆ ಇರುತ್ತವೆ ಎಂದು ಆ ಮುದುಕ ಹೇಳಿದ್ದನಂತೆ. ಶಾಲೆಯಿಂದ ಆಗಷ್ಟೇ ಬಾದಾಮಿಗೆ ಹೋಗಿಬಂದಿದ್ದ ನಾನು, “ಬಾದಾಮಿ ಗುಹಿ ಅಂಥಾದ್ದೇನ್ರಿ?” ಎಂದೆ.

“ಬಾದಾಮಿ ಗುಹಿಗೆ ಟಿಕೇಟ ತಗೊಂಡು ಒಳಗ ಹೋಗತೀವಿ. ಇದಕ್ಕ ಹೊರಗ ಬರಾಕ ಟಿಕೇಟ ಬೇಕು,” ಎಂದರು ಸರ್.

ಅಲ್ಲಿಂದ ನಾನು ಆ ಅಂಗಡಿ ಬಿಡಲಿಲ್ಲ. ಪ್ರೀತಿಯಿಂದ ಅಂತ ಹೇಳಿದರೆ ಚೆನ್ನಾಗಿರುತ್ತದೆ. ಆದರೆ ನಿಜವಾಗಿ ಅವರನ್ನು ಎಲ್ಲಾದರೂ ತಪ್ಪಿನಲ್ಲಿ ಹಿಡಿಯಬೇಕು ಎಂಬ ಹಟದಿಂದ.

ಸಂಜೆ ಮಗ್ಗಗಳು ನಿಂತಾಗ ಮೂರು-ನಾಲ್ಕು ಜನ ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಬಂದು ಕೂರುತ್ತಿದ್ದರು. ಅವರಲ್ಲಿ ತಪ್ಪದೆ ಬರುತ್ತಿದ್ದವನು ಎದುರುಮನೆಯ ನೇಕಾರ. ನಾನು ಅವನನ್ನು ಮಾವ ಎನ್ನುತ್ತಿದ್ದೆ. ಸರ್ ದಿನಕ್ಕೆ ಒಂದೇ ಮಾತು ಹೇಳುತ್ತಿದ್ದರು, ಅದೂ ಗ್ರೀಕಿನ ಮುದುಕನದು. ಲೋಕದಲ್ಲಿ ಇರುವುದೆಲ್ಲ ಯಾವ ಒಂದು ಮೂಲದಿಂದ ಬಂತು ಎಂದು ಹುಡುಕುತ್ತ ಆ ಮುದುಕ, ನೀರಿನಿಂದ ಎಂದನಂತೆ.

“ನಮ್ಮ ನಳಕ್ಕ ಎಂಟ ದಿನಕ್ಕೊಮ್ಮಿ ನೀರ ಬರತಾವ,” ಎಂದ ಮಾವ. “ಹಂಗಾದರ ನಾವು ಎಂಟ ದಿನಕ್ಕೊಮ್ಮಿ ಇರತೇವೇನ್ರಿ?”

ಇನ್ನೊಂದು ಸಂಜೆ: ಎಲ್ಲವೂ ಹರಿಯುತ್ತಿರುತ್ತದೆ, ನಿನ್ನೆ ಕಾಲಿಟ್ಟ ಹೊಳೆಯೇ ಇವತ್ತು ಇರುವುದಿಲ್ಲ. ಮತ್ತೊಂದು ಸಂಜೆ: ಯಾವುದೂ ಅಲುಗಾಡುವುದೇ ಇಲ್ಲ. ಅದಕ್ಕೆ ಸರ್ ಮಗ್ಗದ ಲಾಳಿಯನ್ನೇ ಉದಾಹರಣೆ ಕೊಟ್ಟರು. ಲಾಳಿ ಈ ಅಂಚಿನಿಂದ ಆ ಅಂಚಿಗೆ ಹೋಗಬೇಕಾದರೆ ಮೊದಲು ಅರ್ಧ ದಾರಿ ದಾಟಬೇಕು. ಅರ್ಧ ದಾಟಬೇಕಾದರೆ ಅದರ ಅರ್ಧ. ಅದಕ್ಕೂ ಮೊದಲು ಅದರ ಅರ್ಧ. ಅರ್ಧಗಳು ಮುಗಿಯುವುದಿಲ್ಲ, ಲಾಳಿ ಹೊರಡುವುದೇ ಇಲ್ಲ.

“ಮತ್ತ ನಾ ಇವತ್ತ ಅರ್ಧ ಸೀರಿ ಹೆಂಗ ನೇಯ್ದೆ?”

“ಅರ್ಧ ನೇಯ್ದಿ ಅಂತ ನೀನ ಅಂತಿ ನೋಡು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಷ್ಟರಲ್ಲಿ ನಾನು ಕಾಲೇಜು ಸೇರಿ ಚರ್ಚಾಸ್ಪರ್ಧೆಗಳಿಗೆ ಹೋಗತೊಡಗಿದ್ದೆ. ಎದುರಾಳಿಯ ಮಾತಿನಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕುವುದನ್ನು ಕಲಿತಿದ್ದೆ.

“ಸರ್, ಎಲ್ಲಾ ಹರೀತೈತಿ ಅಂದಾವ್ನೂ ಅವನ, ಏನೂ ಅಲಗಾಡೂದಿಲ್ಲ ಅಂದಾವ್ನೂ ಅವನ. ಎರಡೂ ಕೂಡಿ ಹೆಂಗ ಖರೆ ಆಗತಾವ?”

ಅವರು ಸ್ವಲ್ಪವೂ ಅಳುಕಲಿಲ್ಲ. “ಕೂಡಿ ಹೇಳಿಲ್ಲವಾ. ಮನಸ್ಸ ಬದಲಿ ಮಾಡಿದ,” ಎಂದರು. ಆಮೇಲೆ ಮುದುಕನ ಇಡೀ ಬಾಳನ್ನೇ ಬಿಡಿಸಿಟ್ಟರು. ಹುಡುಗನಿದ್ದಾಗ ಸಮುದ್ರದ ದಂಡೆಯಲ್ಲಿ ಆಡಿ, ಎಲ್ಲ ನೀರು ಎಂದ. ಹರೆಯದಲ್ಲಿ ಎಲ್ಲ ಹರಿಯುತ್ತದೆ ಎಂದ. ನಡುವಯಸ್ಸಿನಲ್ಲಿ ಏನೋ ದುಃಖ ಬಂದಿರಬೇಕು, ಯಾವುದೂ ಅಲುಗಾಡುವುದಿಲ್ಲ ಎಂದ. ಆಮೇಲೆ, ನಾನು ನೋಡಿದ್ದೆಲ್ಲ ನೆರಳು ಎಂದ. ಕೊನೆಗೆ, ನನಗೆ ಗೊತ್ತಿಲ್ಲ ಎಂಬುದಷ್ಟೇ ನನಗೆ ಗೊತ್ತು ಎಂದು ಊರ ಮುಂದೆ ಒಪ್ಪಿಕೊಂಡ. ಊರವರು ಅವನಿಗೆ ವಿಷ ಕುಡಿಸಿದರು.

“ಅಷ್ಟ ಸಲ ತನ್ನ ಮಾತ ತಾನ ತಪ್ಪ ಅಂದಾವ ಭಾಳ ದೊಡ್ಡಾಂವ,” ಎಂದು ಸರ್ ಮುಗಿಸಿದರು. ಮಾವ ಹೂಂಗುಟ್ಟಿದ. ಸರ್ ಅವರ ದನಿಯಲ್ಲಿ ಆಗ ಏನೋ ಇತ್ತು... ಭಕ್ತಿ ಎನ್ನಲು ನನಗೆ ಈಗಲೂ ಸಂಕೋಚ.

“ಅವನ ಹೆಸರೇನ್ರಿ?” ಎಂದೆ.

“ಹೆಸರ ಯಾಕವಾ? ಮಾತ ನೋಡು.”

ಹೆಸರು ಹೇಳದ ಸಾಕ್ಷಿಯನ್ನು ನಂಬಬಾರದು ಎಂದು ನನಗೆ ಕಲಿಸಿದ್ದರು. ಯಾವ ಪುಸ್ತಕ ಎಂದು ಕೇಳಿದರೂ ಅದೇ ಮಾತು. ಅಂದಿನಿಂದ ಅವರ ಪ್ರತಿ ಮಾತಿಗೂ ನಾನು ಕಾವಲು ಕೂತೆ.

ಪದವಿಯ ಮೊದಲ ವರ್ಷ, ಅಂತರಕಾಲೇಜು ಚರ್ಚಾಸ್ಪರ್ಧೆಗೆ ಬಾಗಲಕೋಟೆಗೆ ಹೋದೆ. ಸ್ಪರ್ಧೆ ನಡೆದದ್ದು ಸರ್ ಇದ್ದ ಕಾಲೇಜಿನಲ್ಲೇ. ಬಹುಮಾನ ಬಂತು. ಊಟದ ಹೊತ್ತಿನಲ್ಲಿ ಆಫೀಸಿನ ವಯಸ್ಸಾದ ಗುಮಾಸ್ತರೊಬ್ಬರಿಗೆ, ನಿಮ್ಮಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದವರು ನಮ್ಮ ಓಣಿಯಲ್ಲಿದ್ದಾರೆ ಎಂದು ಸರ್ ಅವರ ಗುರುತು ಹೇಳಿದೆ. ಅವರು ಉಣ್ಣುವುದನ್ನು ಬಿಟ್ಟು ನಕ್ಕರು.

“ಅಂವ ಎಲ್ಲಿ ಪಾಠ ಹೇಳತಾನ? ಸಿಪಾಯಿ ಇದ್ದ. ಗಂಟಿ ಹೊಡೀತಿದ್ದ.”

ವರಾಂಡದ ಕೊನೆಯಲ್ಲಿ ಒಂದು ಕೋಣೆ ತೋರಿಸಿದರು. ಅದರ ಬಾಗಿಲಿನ ಪಕ್ಕದಲ್ಲೇ ರೈಲುಹಳಿಯ ತುಂಡೊಂದು ತೂಗುಬಿದ್ದಿತ್ತು. ಅದೇ ಗಂಟೆ. ತತ್ವಶಾಸ್ತ್ರದ ವಿದ್ಯಾರ್ಥಿಗಳು ಇರುವವರೆಗೂ ಆ ಕೋಣೆ ಅವರ ತರಗತಿಯಾಗಿತ್ತು. ಪೀರಿಯಡ್ಡು ಮುಗಿಯಲು ಕಾಲು ಗಂಟೆ ಇರುವಾಗಲೇ ಈ ಸಿಪಾಯಿ, ಅಂದರೆ ಕಾಲೇಜಿನ ಜವಾನ, ಬಂದು ಗಂಟೆಯ ಹತ್ತಿರ ನಿಲ್ಲುತ್ತಿದ್ದನಂತೆ.

“ನಿಂತಾವ ಪಾಠದಾಗ ಮುಳುಗಿ ಬಿಡತಿದ್ದ. ಗಂಟಿ ತಡ ಆಗತಿತ್ತು. ಎರಡ ಸಲ ನೋಟೀಸ ಕೊಟ್ಟೇವಿ.”

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷಗಳ ಅನುಮಾನಕ್ಕೆ ಕೊನೆಗೂ ಪುರಾವೆ ಸಿಕ್ಕಿತ್ತು. ವಾಪಸು ಬರುವ ಬಸ್ಸಿನಲ್ಲಿ ಫೋನು ತೆಗೆದು, ಗ್ರೀಕರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದೆ. ಹುನಗುಂದ ದಾಟುವಷ್ಟರಲ್ಲಿ ಇನ್ನೊಂದು ವಿಷಯ ಬಯಲಾಯಿತು. ನೀರು ಎಂದವನು ಬೇರೆ. ಹರಿಯುತ್ತದೆ ಎಂದವನು ಬೇರೆ. ಅಲುಗಾಡದು ಎಂದವನು, ನೆರಳು ಎಂದವನು, ಗೊತ್ತಿಲ್ಲ ಎಂದು ವಿಷ ಕುಡಿದವನು, ಎಲ್ಲರೂ ಬೇರೆ ಬೇರೆ. ಒಬ್ಬನೇ ಮುದುಕ ಎಂದೂ ಇರಲೇ ಇಲ್ಲ. ಅಧ್ಯಾಪಕರು ಹೆಸರನ್ನು ಪಾಠದ ಮೊದಲಿಗೆ ಹೇಳುತ್ತಾರೆ. ಸಿಪಾಯಿ ಬರುತ್ತಿದ್ದದ್ದು ಕೊನೆಗೆ. ಆ ಹೊತ್ತಿಗೆ ಪಾಠದಲ್ಲಿ ಉಳಿದಿರುತ್ತಿದ್ದದ್ದು ವಾದವೊಂದೇ. ಮೂವತ್ತು ವರ್ಷದ ಪಾಠಗಳ ಬಾಲಗಳನ್ನೆಲ್ಲ ಕೂಡಿಸಿ ಸರ್ ಒಂದು ಪ್ರಾಣಿ ಮಾಡಿಕೊಂಡಿದ್ದರು.

ಸಂಜೆ ನೇರ ಅಂಗಡಿಗೆ ಹೋದೆ. ಮಾವ ಇದ್ದ, ಇನ್ನಿಬ್ಬರಿದ್ದರು.

“ಸರ್, ನೀವು ಕಾಲೇಜಿನ್ಯಾಗ ಏನಾಗಿದ್ರಿ?”

ಅವರು ನನ್ನ ಮುಖ ನೋಡಿದರು. “ಸಿಪಾಯಿ ಇದ್ದೆನವಾ. ಗಂಟಿ ಹೊಡೀತಿದ್ದೆ.”

“ಮತ್ತ ಸರ್ ಅಂತ ಕರಿಸಿಕೊಂಡ್ರಿ?”

“ನೀವ ಕರದ್ರಿ. ಬಂದ ಹೊಸತರಾಗ ಬ್ಯಾಡ ಅಂದೆ. ಎಷ್ಟ ವಿನಯ ಐತಿ ನೋಡ್ರಿ ಸರ್‌ಗೆ ಅಂದ್ರಿ.”

ಮಾವ ಗಟ್ಟಿಯಾಗಿ ನಕ್ಕ. “ಸಿಪಾಯಿ ಇದ್ದರ ಇರಲಿ ಬಿಡಬೇ. ನಾವೇನ ಇವರಿಗೆ ಪಗಾರ ಕೊಡಬೇಕೇನು? ಸರ್, ನೀವ ಇವತ್ತಿಂದು ಹೇಳ್ರಿ.”

ನಾನು ಸೋಲುತ್ತಿದ್ದೆ. ಕೈಯಲ್ಲಿ ಪುರಾವೆ ಇದ್ದೂ ಸೋಲುತ್ತಿದ್ದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಹತ್ತಿರ ಇನ್ನೊಂದು ಇತ್ತಲ್ಲ, ಅದನ್ನು ಹೊರಗೆಳೆದೆ. ಫೋನನ್ನು ಅವರ ಮುಂದೆ ಹಿಡಿದು ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ವಾದ ಓದಿದೆ. ಒಬ್ಬ ಹುಟ್ಟುವಷ್ಟರಲ್ಲಿ ಇನ್ನೊಬ್ಬ ಸತ್ತಿದ್ದ ಎಂದು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಇಂಗ್ಲಿಷು ಎಷ್ಟು ತಿಳಿಯಿತೋ...

“ಹಂಗಾದರ ಯಾರೂ ತಮ್ಮ ಮಾತ ಬದಲಿ ಮಾಡಲಿಲ್ಲೇನವಾ?”

“ಇಲ್ಲರಿ. ಒಬ್ಬೊಬ್ಬರದು ಒಂದೊಂದು ವಾದ.”

“ಸಾಯೂತನಕಾ?”

“ಸಾಯೂತನಕಾ,” ಎಂದೆ. ಚರ್ಚೆಯಲ್ಲಿ ತಡವರಿಸಿದರೆ ಅಂಕ ಹೋಗುತ್ತದೆ. ನಾನು ತಡವರಿಸಲಿಲ್ಲ.

ಅವರು ಫೋನನ್ನು ನನ್ನ ಕೈಗೆ ಕೊಟ್ಟು, ಅಂಗಡಿಯ ಮುಂದೆ ತೂಗಿಬಿಟ್ಟಿದ್ದ ಸ್ಕೇಲು, ಚೀಲಗಳನ್ನು ಒಳಗೆ ಎತ್ತಿಡತೊಡಗಿದರು. ಇನ್ನೂ ಬೆಳಕಿತ್ತು. ಯಾರೂ ನಗಲಿಲ್ಲ.

ಮರುದಿನದಿಂದ ಅವರು ಗ್ರೀಕಿನ ಮಾತು ತೆಗೆಯಲಿಲ್ಲ. ಯಾರಾದರೂ ಕೇಳಿದರೆ, “ಆ ತಂಗೀನ್ನ ಕೇಳ್ರಿ, ಆಕಿಗೆ ಹೆಸರ ಗೊತ್ತದಾವ,” ಎನ್ನುತ್ತಿದ್ದರು. ಅದು ಕೊಂಕು ಇರಬೇಕೆಂದು ಆಗ ಅನುಮಾನಿಸಿದ್ದೆ. ಈಗ ಅನ್ನಿಸುತ್ತದೆ, ಅಲ್ಲ. ಅವರು ನನ್ನನ್ನು ನಿಜಕ್ಕೂ ನಂಬಿದ್ದರು. ಕೇಳಿದವರಿಗೆ ನಾನು ಹೇಳಿದೆ, ಹೆಸರು ಸಮೇತ, ಕ್ರಮವಾಗಿ, ಒಂದೂ ತಪ್ಪಿಲ್ಲದೆ. ನಾಲ್ಕು ಸಂಜೆ ಕಳೆಯುವಷ್ಟರಲ್ಲಿ ಚಪ್ಪಡಿ ಖಾಲಿಯಾಯಿತು.

ಆಮೇಲೆ ನಾನು ಓದಿಗೆಂದು ಊರು ಬಿಟ್ಟೆ. ರಜೆಯಲ್ಲಿ ಬಂದಾಗ ಪೆನ್ನು ಕೊಳ್ಳುತ್ತಿದ್ದೆ. ಅವರು ಹೇಗಿದ್ದೀ ಎಂದು ಕೇಳಿ ಚಿಲ್ಲರೆ ಕೊಡುತ್ತಿದ್ದರು. ಒಮ್ಮೆಯೂ ಮರುಪ್ರಶ್ನೆ ಹಾಕಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ಮೂರು ತಿಂಗಳಾದ ಮೇಲೆ. ಅಂಗಡಿ ಇದ್ದಲ್ಲಿ ಈಗ ಮೊಬೈಲು ರಿಪೇರಿಯವನು ಕೂರುತ್ತಾನೆ.

ನಾನೀಗ ಬಾಗಲಕೋಟೆಯಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಅದಕ್ಕೆಂದು ಈ ಸಲ ಗ್ರೀಕರನ್ನು ಮೊದಲಿನಿಂದ, ನಿಧಾನವಾಗಿ ಓದಿದೆ. ಆಗ ಸಿಕ್ಕಿದ್ದು ಇದು: ನೆರಳಿನ ಮಾತು ಹೇಳಿದವನು ಇದ್ದನಲ್ಲ, ಅವನು ಮುಂದೆ ತನ್ನದೇ ಸಿದ್ಧಾಂತಕ್ಕೆ ತಾನೇ ಆಕ್ಷೇಪ ಎತ್ತಿ ಬರೆದಿದ್ದಾನೆ, ಅದೂ ಸಣ್ಣಪುಟ್ಟದ್ದಲ್ಲ. ಅದರಿಂದ ಅವನು ಮನಸ್ಸು ಬದಲಿಸಿದ ಅಂತಲೇ ಅರ್ಥವೋ ಎಂದು ವಿದ್ವಾಂಸರು ಇನ್ನೂ ಜಗಳಾಡುತ್ತಾರೆ. ನಾನು ಬಸ್ಸಿನಲ್ಲಿ ಒಂದೂವರೆ ತಾಸು ಓದಿ, ಸಾಯುವವರೆಗೂ ಯಾರೂ ಬದಲಾಗಲಿಲ್ಲ ಎಂದು ಒಬ್ಬ ಮನುಷ್ಯನ ಮುಖದ ಮುಂದೆ ಹೇಳಿದ್ದೆ.

ಮೊನ್ನೆ ಭಾನುವಾರ ಇಳಕಲ್ಲಿಗೆ ಹೋದಾಗ ಮಾವನ ಮನೆಗೆ ಹೋಗಿ ಇದನ್ನು ಹೇಳಿದೆ. ಬೇರೆ ಯಾರಿಗೆ ಹೇಳುವುದು? ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಪೂರ್ತಿ ಕೇಳಿದ.

“ಒಬ್ಬಾಂವಾದ್ರೂ ಮಾತ ಬದಲಿ ಮಾಡಿರಬಹುದು ಅಂತ ಅವತ್ತ ಹೇಳಬೇಕಾಗಿತ್ತಬೇ. ಅಷ್ಟ ಸಾಕಾಗತಿತ್ತು ಅವರಿಗೆ.”

“ಅವತ್ತ ನನಗ ಗೊತ್ತಿರಲಿಲ್ಲ ಮಾವಾ.”

ಅವನು ಹರಿದಿದ್ದ ಎಳೆಯೊಂದನ್ನು ಬೆರಳಿನಲ್ಲಿ ಹೊಸೆದು ಗಂಟು ಹಾಕಿದ.

“ಅದನ್ನಾದ್ರೂ ಹೇಳಬೇಕಾಗಿತ್ತು.”