ಕುರಿಯ ಕಡೆ ಅಪ್ಪ ಹಾಡಿದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ನಮ್ಮ ತೋಟದ ಮನೆಯಲ್ಲಿ ಗಡಿಯಾರ ಇರಲಿಲ್ಲ, ರೈಲು ಇತ್ತು. ಶೇಡಬಾಳ ದಾಟಿ ಮಿರಜಿನ ಕಡೆ ಹೋಗುವ ಗಾಡಿ ನಮ್ಮ ಹೊಲದಂಚಿನಲ್ಲಿ ಕೂಗಿತೆಂದರೆ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆ ಕೂಗಿಗೆ ಅವ್ವ ಒಲೆಯ ಮೇಲೆ ಚಹಾ ಇಡುತ್ತಿದ್ದಳು, ಅಪ್ಪ ಬಾವಿಯ ಮೋಟರು ಬಂದ್ ಮಾಡುತ್ತಿದ್ದ. ಹಾಗಾಗಿ ನಮ್ಮ ಮನೆಯ ಆ ದೊಡ್ಡ ಗಂಡಾಂತರ ಎಷ್ಟು ಹೊತ್ತಿಗೆ ಶುರುವಾಯಿತೆಂದು ಯಾರು ಕೇಳಿದರೂ ಹೇಳಬಲ್ಲೆ. ಮೂರೂ ಹತ್ತಕ್ಕೆ.

ಮಕ್ಕಳೇ, ಸಂಜೆ ನಾನು ಗೇಟಿನ ಚಿಲಕವನ್ನು ಮೂರು ಮೂರು ಸಲ ಎಳೆದು ನೋಡುವಾಗ ನೀವಿಬ್ಬರೂ ಬಾಯಿಗೆ ಕೈ ಇಟ್ಟುಕೊಂಡು ನಗುತ್ತೀರಲ್ಲ, ಅದರ ಮೂಲವೂ ಆ ಮೂರೂ ಹತ್ತೇ. ನಾನು ಚಿಕ್ಕೋಡಿಗೆ ಹೋಗಿ ಕಾಲೇಜು ಓದಿದವಳು, ಭೂತ ಪ್ರೇತಕ್ಕೆ ಹೆದರುವವಳಲ್ಲ. ಆದರೆ ತೆರೆದ ಗೇಟು ಕಂಡರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ.

ಆ ವರ್ಷ ಅಪ್ಪ ಮೊದಲ ಸಲ ದ್ರಾಕ್ಷಿ ಹಚ್ಚಿದ್ದ. ಗಡಿಯಾಚೆ ಮಿರಜಿನ ಕಡೆಯಿಂದ ಕಡ್ಡಿ ತಂದು ನೆಟ್ಟು, ಒಂದೊಂದಕ್ಕೂ ಒಂದು ಕೋಲು ಊರಿ, ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿ, ಒಳಗೆ ಹೋಗಲು ಒಂದು ಮುಳ್ಳಿನ ಬಾಗಿಲು ಮಾಡಿದ್ದ. ಬಳ್ಳಿಗಳು ನನ್ನ ಸೊಂಟದವರೆಗೆ ಬಂದಿದ್ದವು. ಅಪ್ಪ ದಿನವೂ ಬೆಳಿಗ್ಗೆ ಹೋಗಿ ಅವುಗಳ ಎಲೆ ಸವರುತ್ತಿದ್ದ. ನನ್ನ ತಲೆಯನ್ನು ಅಷ್ಟು ಸಲ ಸವರಿದ್ದು ನೆನಪಿಲ್ಲ.

ಬೇಲಿಯ ಆಚೆಗಿನ ಬಯಲಲ್ಲಿ ಕಾಕಾನ ಕುರಿ ಮೇಯುತ್ತಿದ್ದವು. ಕಾಕಾ ನಮಗೆ ರಕ್ತಸಂಬಂಧಿಯಲ್ಲ, ಕುರಿಗಾರ. ಪ್ರತಿ ವರ್ಷ ತನ್ನ ಹಿಂಡನ್ನು ನಮ್ಮ ಖಾಲಿ ಹೊಲದಲ್ಲಿ ಕೆಲವು ರಾತ್ರಿ ತರುಬುತ್ತಿದ್ದ. ಕುರಿ ಮಲಗಿದ ನೆಲಕ್ಕೆ ಹಿಕ್ಕೆಯ ಗೊಬ್ಬರ, ಕಾಕಾನ ಮನೆಗೆ ನಮ್ಮ ಜೋಳ. ಇಷ್ಟೇ ಅಲ್ಲ, ಅಪ್ಪ ಮತ್ತು ಕಾಕಾ ಇಬ್ಬರೂ ನಮ್ಮ ಊರಿನ ಸವಾಲ್-ಜವಾಬ್ ಹಾಡುಗಾರರು. ಒಬ್ಬ ಪದದಲ್ಲಿ ಪ್ರಶ್ನೆ ಹಾಕಬೇಕು, ಇನ್ನೊಬ್ಬ ಪದದಲ್ಲೇ ಉತ್ತರ ಕೊಡಬೇಕು, ಸುತ್ತ ಕುಳಿತವರು "ಜೀ ಜೀ ಜೀ" ಎಂದು ದನಿಗೂಡಿಸಬೇಕು. ಯಾರು ಯಾವ ಪಕ್ಷ ಹಾಡಬೇಕೆಂದು ಹೇಳುವವರು ಡಪ್ಪು ಹಿಡಿದ ಹಿರಿಯರು. ಅವರು ಬೆಂಕಿಯ ಪಕ್ಷ ಕೊಟ್ಟರೆ ಬೆಂಕಿ, ನೀರಿನ ಪಕ್ಷ ಕೊಟ್ಟರೆ ನೀರು. ಒಲ್ಲೆ ಅನ್ನುವಂತಿಲ್ಲ. ನಮ್ಮಲ್ಲಿ ಡಪ್ಪು ಹಿಡಿಯುತ್ತಿದ್ದದ್ದು ಆಯಿ, ಅಂದರೆ ಅಪ್ಪನ ತಾಯಿ.

ಕಾಕಾನ ಹಿಂಡಿನಲ್ಲಿ ಒಂದು ಬಿಳಿ ಮರಿ ಇತ್ತು. ಮೈಯೆಲ್ಲ ಅರಳೆಯಂತೆ, ಒಂದು ಕಿವಿ ಮಾತ್ರ ಕಾಡಿಗೆಯಲ್ಲಿ ಅದ್ದಿದಂತೆ ಕಪ್ಪು. ಆ ಮಧ್ಯಾಹ್ನ ಕಾಕಾ ಬೇವಿನ ಮರದ ಕೆಳಗೆ ರುಮಾಲು ಮುಖದ ಮೇಲೆ ಎಳೆದುಕೊಂಡು ಮಲಗಿದ್ದ. ಮರಿ ಬೇಲಿಗೆ ಮೂತಿ ಹಚ್ಚಿ ನನ್ನನ್ನೇ ನೋಡುತ್ತಿತ್ತು. ನಮ್ಮ ದ್ರಾಕ್ಷಿ ತೋಟವನ್ನು ಅದಕ್ಕೊಮ್ಮೆ ತೋರಿಸಬೇಕೆಂದು ನನಗೆ ಅನ್ನಿಸಿತು. ಮನೆಗೆ ಬಂದವರಿಗೆಲ್ಲ ಅಪ್ಪ ತೋರಿಸುತ್ತಿದ್ದನಲ್ಲ! ಮುಳ್ಳಿನ ಬಾಗಿಲನ್ನು ಎರಡೂ ಕೈಯಿಂದ ಎಳೆದೆ. ಮರಿ ಒಳಗೆ ಬಂತು. ಅದರ ಬೆಚ್ಚನೆಯ ಮೂಗು ನನ್ನ ಮೊಣಕಾಲಿಗೆ ತಾಗಿತು.

ಆಗ ರೈಲು ಕೂಗಿತು.

ಹಿಂಡು ಬೆಚ್ಚಿತು. ಒಂದು ಕುರಿ ಬಾಗಿಲಿಗೆ ನುಗ್ಗಿತು. ಕುರಿಗಳ ಬುದ್ಧಿ ನಿಮಗೆ ಗೊತ್ತಿಲ್ಲ. ಒಂದು ಹೋದಲ್ಲಿಗೆ ಎಲ್ಲವೂ ಹೋಗುತ್ತವೆ. ನಾನು ಕೈ ಅಡ್ಡ ಹಿಡಿದು "ಬ್ಯಾಡ್ರಿ, ಬ್ಯಾಡ್ರಿ" ಎಂದು ಬಹುವಚನದಲ್ಲೇ ಬೇಡಿಕೊಂಡೆ. ಅವು ಮರ್ಯಾದೆಗೆ ಸೊಪ್ಪು ಹಾಕಲಿಲ್ಲ, ನೇರ ಸೊಪ್ಪಿಗೇ ಬಾಯಿ ಹಾಕಿದವು. ಕರಕರ ಎಂಬ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಓಡಿಹೋಗಿ ನೀರಿನ ಹೌದಿನ, ಅಂದರೆ ತೊಟ್ಟಿಯ, ಹಿಂದೆ ಅಡಗಿದೆ. ಓಡುವಾಗ ನಾನು ಉಟ್ಟಿದ್ದ ಹಸಿರು ಪರಕಾರದ ಅಂಚು ಬಾಗಿಲ ಮುಳ್ಳಿಗೆ ಸಿಕ್ಕು ಹರಿದು, ಒಂದು ಚೂರು ಅಲ್ಲೇ ಉಳಿಯಿತು.

ಅಪ್ಪ ಬಂದು ನೋಡಿದಾಗ ಎರಡು ಸಾಲಿನಲ್ಲಿ ಬರೀ ಕೋಲುಗಳು ನಿಂತಿದ್ದವು. ಕೈಗೆ ಸಿಕ್ಕ ಮಣ್ಣಿನ ಹೆಂಟೆ ಬೀಸಿದ. ಅದು ಮರಿಯ ತಾಯಿಯ ಕಾಲಿಗೆ ಬಡಿಯಿತು. ಕುರಿ ಕುಂಟುತ್ತ ಅರಚಿತು. ಆ ಅರಚಾಟಕ್ಕೆ ಎದ್ದ ಕಾಕಾ ಮುಳ್ಳು ಕಡಿಯುವ ಕೊಡಲಿ ಹಿಡಿದೇ ಓಡಿಬಂದ. ಅಪ್ಪ ಮನೆಗೆ ನುಗ್ಗಿ ಬಾಗಿಲ ಹಿಂದಿನ ಬಡಿಗೆ ತಂದ.

"ಯಾಕ ಹೊಡದಿ ಅಣ್ಣಾ ನನ್ನ ಕುರಿ?"

"ಅಣ್ಣಾ ಅನಬ್ಯಾಡ ನನಗ! ವರ್ಷದ ದುಡಿತ ಒಂದ ಚಣದಾಗ ತಿಂದಾವ ನಿನ್ನ ಕುರಿ."

"ಇದು ದ್ರಾಕ್ಷಿ, ತಿನಬ್ಯಾಡ್ರಿ ಅಂತ ಬೋರ್ಡ ಹಚ್ಚಿದ್ದಿ ಏನ? ಹಚ್ಚಿದ್ರೂ ಓದಾಕ ಅವೇನ ಸಾಲಿಗೆ ಹೋಗ್ಯಾವ?"

"ನೀನೂ ಹೋಗಿಲ್ಲ, ಅದಕ್ಕ ಹಿಂಗ ಆಗೀದಿ!"

ಈಗ ಹೇಳಿದರೆ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ಅತ್ತ ಬಯಲಿನಿಂದ ಕಾಕಾನ ಮಂದಿ, ಇತ್ತ ಕಬ್ಬಿನ ಹೊಲಗಳಿಂದ ನಮ್ಮ ಮಂದಿ ಕೋಲು ಹಿಡಿದು ಬಂದು ನಿಂತರು. ಕಾಕಾ ಕೊಡಲಿ ಎತ್ತಿದ. ಅದರ ಅಲಗಿನ ಮೇಲೆ ಬಿಸಿಲು ಬಿದ್ದು ಹೌದಿನ ಹಿಂದಿದ್ದ ನನ್ನ ಕಣ್ಣಿಗೆ ಚುಚ್ಚಿತು. ಅಪ್ಪ ಒಂದು ಹೆಜ್ಜೆ ಮುಂದೆ ಇಟ್ಟ. ಅಪ್ಪ ಸತ್ತರೆ ನನ್ನಿಂದ, ಕಾಕಾ ಸತ್ತರೂ ನನ್ನಿಂದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಹೌದಿನ ಹಿಂದೆ ಇನ್ನಷ್ಟು ಮುದುಡಿ ಕುಳಿತೆ.

ಅಷ್ಟರಲ್ಲಿ ಅಕ್ಕ ತೋಟದ ಬಾಗಿಲ ಬಳಿ ಬಂದಳು. ಮುಳ್ಳಿನಲ್ಲಿದ್ದ ಹಸಿರು ಚೂರು ನೋಡಿದಳು. ನನ್ನನ್ನೂ ನೋಡಿದಳು. ಮೆಲ್ಲನೆ ಚೂರು ಬಿಡಿಸಿ ನೆಲಕ್ಕೆ ಹಾಕಿ ಅದರ ಮೇಲೆ ಪಾದ ಇಟ್ಟು, ಏನೂ ಆಗದವಳಂತೆ ಆಕಾಶ ನೋಡತೊಡಗಿದಳು. ನಾನು ಹತ್ತಿರ ಹೋದಾಗ ಪಿಸುಗುಟ್ಟಿದಳು.

"ಮುಂದ ಶೇಂಗಾ ಹೋಳಿಗಿ ಮಾಡಿದಾಗ ನಿನ್ನ ಪಾಲು ನಂದು. ತಿಳೀತೇನ?"

ತಲೆ ಅಲ್ಲಾಡಿಸಿದೆ. ಆಗ ಅವಳು ಮನೆಯನ್ನೇ ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ.

ಆಯಿ ಬಂದದ್ದು ಆಗಲೇ. ಚರ್ಮ ಬಿಗಿಯಾಗಲೆಂದು ಬಿಸಿಲಿಗಿಟ್ಟಿದ್ದ ಡಪ್ಪನ್ನು ಕಂಕುಳಲ್ಲಿ ಹಿಡಿದು, ಯಾವ ಅವಸರವೂ ಇಲ್ಲದೆ ಬಂದು, ಕೊಡಲಿಗೂ ಬಡಿಗೆಗೂ ನಡುವಿನ ಜಾಗದಲ್ಲಿ ಕಾಲು ಚಾಚಿ ಕುಳಿತೇಬಿಟ್ಟಳು. ಈಗ ಹೊಡೆದಾಡಬೇಕೆಂದರೆ ಆಯಿಯನ್ನು ದಾಟಬೇಕು. ಆಯಿ ತೂಕದ ಹೆಂಗಸು, ದಾಟುವುದು ಸುಲಭವಿರಲಿಲ್ಲ.

"ಬಡದಾಟ ಎಲ್ಲಿ ಓಡಿ ಹೊಕ್ಕೈತಿ? ಮೊದಲ ಪದ ಆಗಲಿ," ಎಂದು ಡಪ್ಪಿಗೆ ಒಂದು ಪೆಟ್ಟು ಕೊಟ್ಟಳು. "ಮಗಾ, ನೀ ಕುರಿ ಕಡೆ ಹಾಡು. ತಮ್ಮಾ, ನೀ ಬಳ್ಳಿ ಕಡೆ."

"ಏ ಅವ್ವಾ! ತಿಂದಿದ್ದು ಅವನ ಕುರಿ. ನಾ ಅದರ ಕಡೆ ಹಾಡ್ಲೇನ?"

"ಯಾಕ, ಬರೂದಿಲ್ಲೇನ?"

"ಬರೂದಿಲ್ಲ ಬಿಡ್ರಿ ಆಯಿ," ಎಂದ ಕಾಕಾ, ಕೊಡಲಿ ಎತ್ತಿದಂತೆಯೇ. "ಹೋದ ವರ್ಷಾನೂ ತಾಳ ತಪ್ಪಿದ್ದ."

ಅಪ್ಪನ ಮುಖ ದ್ರಾಕ್ಷಿ ಹೋದಾಗಲೂ ಅಷ್ಟು ಕೆಂಪಾಗಿರಲಿಲ್ಲ. "ನಾ ತಾಳ ತಪ್ಪಿದ್ನೇ? ಬಾರಿಸ ಬೇ ಅವ್ವಾ, ಬಾರಿಸ!"

ನಮ್ಮ ಕಡೆ ಹಾಡುವವರು ಒಂದು ಕೈ ಕಿವಿಗೆ ಹಚ್ಚುತ್ತಾರೆ, ಇನ್ನೊಂದು ಕೈ ಮುಂದೆ ಚಾಚುತ್ತಾರೆ. ಹಾಗಿಲ್ಲದಿದ್ದರೆ ಅವರಿಗೆ ಸ್ವರವೇ ಏಳುವುದಿಲ್ಲ. ಅಪ್ಪ ಬಡಿಗೆ ಕೆಳಗಿಟ್ಟ. ಅದನ್ನು ನೋಡಿ ಕಾಕಾ ಕೊಡಲಿ ಕೆಳಗಿಟ್ಟ. ಆಯಿ ಎರಡನ್ನೂ ಕಾಲಿನಿಂದ ತನ್ನತ್ತ ಎಳೆದುಕೊಂಡು ಸೀರೆಯ ನೆರಿಗೆಯ ಕೆಳಗೆ ಸೇರಿಸಿದಳು.

ಅಪ್ಪ ಕೆಮ್ಮಿದ. ಕುರಿಯ ಪರವಾಗಿ ಬಾಯಿ ತೆರೆಯುವುದು ಅವನಿಗೆ ಬೇವಿನ ಕಷಾಯ ಕುಡಿದಂತಾಗಿತ್ತು.

"ಹಸದ ಬಾಯಿ ನಂದು, ಹಸರ ಎಲಿ ನಿಂದು,
ಹೊಟ್ಟಿಗೇನ ಗೊತ್ತ, ಹೊಲಾ ಯಾರದಂತ?"

"ಜೀ ಜೀ ಜೀ" ಎಂದರು ಕೋಲು ಹಿಡಿದು ನಿಂತವರು, ರೂಢಿಯ ಬಲದಿಂದ. ಕಾಕಾ ಕಿವಿಗೆ ಕೈ ಹಚ್ಚಿದ.

"ಕೂಸಾಗಿ ಬಂದೇನಿ, ಕೋಲ ತಬ್ಬೇನಿ,
ನಿಂದರಾಕ ಕಲತಿಲ್ಲ, ನುಂಗಾಕ ಬಂದ್ಯಾ?"

ಹಾಡುತ್ತ ಹಾಡುತ್ತ ಕಾಕಾ ಬರೀ ಕೋಲುಗಳ ಸಾಲಿನ ಕಡೆ ತಿರುಗಿದ. ಅವನ ಚಾಚಿದ ಕೈ ಕೆಳಗಿಳಿಯಿತು. ಅದುವರೆಗೆ ಅವನು ಆ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ಅಪ್ಪ ಬಿಡಲಿಲ್ಲ. ಅವನಿಗೀಗ ಹುರುಪು ಬಂದಿತ್ತು.

"ಹಿಕ್ಕಿ ಹಾಕಿ ಹೊಲಕ ಹಸರ ತಂದಾಕಿ ನಾ,
ಕೊಟ್ಟಿದ್ದ ತಿಂದರ ಕಳ್ಳಿ ಅಂತೀಯಾ?"

ಹಿಕ್ಕೆಯ ಮಾತು ಬಂದದ್ದೇ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಕುಂಟುತ್ತಿದ್ದ ಕುರಿ ಅಪ್ಪನ ಪಕ್ಕಕ್ಕೆ ಬಂದು ನಿಂತಿತ್ತು, ವಕೀಲರ ಪಕ್ಕ ಕಕ್ಷಿದಾರ ನಿಂತಂತೆ. ಅಪ್ಪ ಅರಿವಿಲ್ಲದೆ ಅದರ ಬೆನ್ನು ಸವರುತ್ತಿದ್ದ. ಸೋಲಬಾರದೆಂಬ ಹಟದಲ್ಲಿ ಕಾಕಾ ಬಳ್ಳಿಯ ಪರವಾಗಿ ಹೀಗೆ ಎಸೆದ:

"ಹಿಂಡ ಕಾಯಾಂವ ಎಚ್ಚರ ಇರಬೇಕಿತ್ತ,
ಬೇವಿನ ನೆಳ್ಳಾಗ ಗೊರಕಿ ಕೇಳತಿತ್ತ!"

"ಏ, ಅದನ್ಯಾಕ ಹೇಳತಿ ನಿನ್ನ ಬಾಯಿಲೇ!" ಎಂದು ಕಾಕಾನ ಕಡೆಯವರು ಹಣೆ ಹಣೆ ಬಡಿದುಕೊಂಡರು. ನಮ್ಮ ಕಡೆಯವರು ಗೆದ್ದಂತೆ ಕೂಗಿದರು. ಆದರೆ ಅಪ್ಪನಿಗೆ ಈಗ ನಮ್ಮ ಕಡೆ, ಅವರ ಕಡೆ ಯಾವುದೂ ನೆನಪಿರಲಿಲ್ಲ. ಅವನು ಪೂರ್ತಿ ಕುರಿಯಾಗಿದ್ದ. ಕೈ ಮುಗಿಲಿಗೆತ್ತಿ ತನ್ನ ಜೀವನದ ಅತಿ ಒಳ್ಳೆಯ ಸವಾಲು ಹಾಕಿದ.

"ಕುರಿಗಿ ಕೈಯಿಲ್ಲ, ಕೈಗಿ ಬೆರಳಿಲ್ಲ,
ಮುಳ್ಳಿನ ಬಾಗಲಾ ತಗದವರ್ಯಾರ?"

ಡಪ್ಪು ನಿಂತಿತು. ಎಲ್ಲರೂ ಬಾಗಿಲು ನೋಡಿದರು. ಅಕ್ಕ ಇನ್ನಷ್ಟು ಬಿಗಿಯಾಗಿ ಆಕಾಶ ನೋಡಿದಳು. ಕಾಕಾ ತನ್ನ ಮಂದಿಯ ಕಡೆ ತಿರುಗಿದ. ಅಕ್ಕನನ್ನು ಬಿಟ್ಟರೆ ಜವಾಬು ಇದ್ದದ್ದು ನನ್ನೊಬ್ಬಳ ಬಳಿ. ಪದದಲ್ಲಿ ಕೇಳಿದ್ದಕ್ಕೆ ಪದದಲ್ಲೇ ಹೇಳಬೇಕಲ್ಲ. ನಾನು ಒಂದು ಕೈ ಕಿವಿಗೆ ಹಚ್ಚಿದೆ. ಗಂಟಲಿನಿಂದ ಹೊರಟದ್ದು ಆ ಕುಂಟು ಕುರಿಯ ದನಿಯಂತೆಯೇ ಇತ್ತು.

"ಬಾಗಲಾ ತಗದಾಕಿ ನಾನss ಅಪ್ಪಾss,
ಬಡೀಬ್ಯಾಡ ನನ್ನ, ಬಡೀಬ್ಯಾಡ ಕಾಕಾನ್ನ!"

ಆಮೇಲೆ, ರೂಢಿ ಎಂದರೆ ರೂಢಿಯೇ, ಎರಡೂ ಕಡೆಯ ಮಂದಿ ಒಟ್ಟಿಗೆ ಹಾಡಿದರು: "ಜೀ ಜೀ ಜೀ!"

ಮೊದಲು ನಕ್ಕವನು ಕಾಕಾ. ನಕ್ಕು ನಕ್ಕು ನೆಲಕ್ಕೆ ಕುಳಿತ. ಅಪ್ಪ ನಗಲೂ ಆರದೆ, ಬೈಯಲೂ ಆರದೆ ನಿಂತಿದ್ದ. ವಾದ ಗೆದ್ದವನು ಅವನೇ, ಕುರಿಯ ತಪ್ಪಿಲ್ಲವೆಂದು ಊರೆದುರು ಸಾಬೀತು ಮಾಡಿದವನೂ ಅವನೇ. ಇನ್ನು ಕುರಿಯ ಮೇಲೆ ಹೇಗೆ ಜಗಳ ತೆಗೆಯುತ್ತಾನೆ?

ಬಾಗಿಲು ಯಾಕೆ ತೆಗೆದೆನೆಂದು ನನ್ನಿಂದ ಕೇಳಿ ತಿಳಿದು ಆಯಿ ತೀರ್ಪು ಕೊಟ್ಟಳು. ಕಾಕಾನ ಹಿಂಡು ಬಳ್ಳಿಯ ಪಕ್ಕದ ಖಾಲಿ ತುಂಡಿನಲ್ಲಿ ಎಂಟು ರಾತ್ರಿ ನಿಲ್ಲಬೇಕು. ಕುರಿಯ ಕಾಲಿಗೆ ಅಪ್ಪನೇ ಅರಿಸಿನ ಹಚ್ಚಿ ಕಟ್ಟಬೇಕು. ನಾನು ದಿನವೂ ಹಿಕ್ಕೆ ಬುಟ್ಟಿಗೆ ತುಂಬಿ, ತಿಂದುಹೋದ ಒಂದೊಂದು ಬಳ್ಳಿಯ ಬುಡಕ್ಕೂ ಹಾಕಬೇಕು. "ತ್ವಾಟಾ ತೋರಸಬೇಕಂತ ಇತ್ತಲ್ಲ ನಿನಗ? ಈಗ ನೀನ ಸರಿಯಾಗಿ ನೋಡು," ಎಂದಳು.

ಮೊನ್ನೆ ಅಂಗಳದಲ್ಲಿ ನಿಮ್ಮಿಬ್ಬರ ಬಣ್ಣದ ಡಬ್ಬಿ ಉರುಳಿ ಜಗಳವಾದಾಗ ನೀವು ಮಾಡಿದ್ದೇನು? ಗೇಟಿನ ಮೇಲಿನ ಕ್ಯಾಮೆರಾ ಹಿಡಿದದ್ದನ್ನು ಮೊಬೈಲಿನಲ್ಲಿ ಹಿಂದಕ್ಕೆ ಓಡಿಸಿ, ಉರುಳಿಸಿದ್ದು ಯಾರೆಂದು ಅರ್ಧ ನಿಮಿಷದಲ್ಲಿ ಕಂಡುಹಿಡಿದಿರಿ. ಅದೇನೋ ಸರಿ. ಆದರೆ ಎರಡು ದಿನ ಇಬ್ಬರೂ ಮಾತಾಡಲಿಲ್ಲ. ನನ್ನ ಕಾಲದಲ್ಲಿ ಆ ಕ್ಯಾಮೆರಾ ಇದ್ದಿದ್ದರೆ ಮೂರೂ ಹತ್ತಕ್ಕೆ ಬಾಗಿಲೆಳೆದ ನಾನು ಅದರಲ್ಲಿ ಸಿಕ್ಕಿಬೀಳುತ್ತಿದ್ದೆ, ಪೆಟ್ಟೂ ತಿನ್ನುತ್ತಿದ್ದೆ. ಆದರೆ ಕ್ಯಾಮೆರಾಕ್ಕೆ ಜೀ ಜೀ ಅನ್ನಲು ಬರುವುದಿಲ್ಲ ನೋಡಿ. ಅದಕ್ಕೇ ನಿನ್ನೆ ತಂಗಿಯ ಪರವಾಗಿ ಅಣ್ಣ, ಅಣ್ಣನ ಪರವಾಗಿ ತಂಗಿ ಹಾಡಬೇಕೆಂದು ಹಟ ಹಿಡಿದದ್ದು. ಡಪ್ಪಿಲ್ಲದೆ ಸ್ಟೀಲಿನ ತಟ್ಟೆ ಬಡಿದು ನನ್ನ ಕೈ ನೋಯುತ್ತಿದೆ, ಇರಲಿ.

ಆಯಿ ಹೇಳಿದ ಎಂಟರಲ್ಲಿ ಮೊದಲ ಏಳು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪದ ಮುಗಿದಿತ್ತು, ಜಗಳ ಮುಗಿದಿದೆಯೆಂದು ಯಾರಿಗೆ ಗೊತ್ತು? ಕಣ್ಣು ಮುಚ್ಚಿದರೆ ಕೊಡಲಿಯ ಅಲಗಿನ ಮೇಲಿನ ಬಿಸಿಲು. ಎದ್ದು ನೋಡಿದರೆ ಆಯಿ ಮರಳಿಸಿದ ಬಡಿಗೆ ಬಾಗಿಲ ಹಿಂದೆ ನಿಂತೇ ಇರುತ್ತಿತ್ತು.

ಎಂಟನೆಯ ದಿನ ನಾನು ಬುಟ್ಟಿ ಹೊತ್ತು ಹೋದಾಗ ಹಿಂಡು ನುಗ್ಗಿದಾಗ ಮುರಿದ ಕೋಲುಗಳ ಬದಲು ಕಾಕಾ ಅದೇ ಕೊಡಲಿಯಿಂದ ಬಳ್ಳಿಗಳಿಗೆ ಹೊಸ ಕೋಲು ಕಡಿಯುತ್ತಿದ್ದ. ಅಪ್ಪ ಊರುತ್ತಿದ್ದ. ಬೋಳಾದ ಕಡ್ಡಿಯೊಂದರಲ್ಲಿ ಇರುವೆಯ ತಲೆಯಷ್ಟು ಕೆಂಪು ಚಿಗುರು ಒಡೆದಿತ್ತು. ಅದಕ್ಕೊಂದು ಕೋಲು ಕಡಿಮೆ ಬಿತ್ತು. ಅಪ್ಪ ಮನೆಗೆ ಹೋಗಿ ಬಡಿಗೆ ತಂದು, ಆ ಬಳ್ಳಿಯ ಪಕ್ಕ ಊರಿ, ಕಾಲಿನಿಂದ ಮಣ್ಣು ಒತ್ತಿದ. ಸಂಜೆ ಅವ್ವ ಎಲ್ಲರಿಗೂ ಶೇಂಗಾ ಹೋಳಿಗೆ ಮಾಡಿದಳು. ಒಲೆಯ ಮೇಲಿನ ಬೆಲ್ಲದ ವಾಸನೆ ಮೂಗಿಗೆ ಬರುತ್ತಿರುವಾಗಲೇ ನಾನು ಬಾಗಿಲ ಹಿಂದಿನ ಖಾಲಿ ಮೂಲೆಯನ್ನು ನೋಡುತ್ತ ಗೋಡೆಗೊರಗಿದೆ.

ಎಚ್ಚರವಾದಾಗ ಅಂಗಳದ ತುಂಬ ಬಿಸಿಲಿತ್ತು. ನನ್ನ ಪಾಲಿನ ಹೋಳಿಗೆಯನ್ನು ಅಕ್ಕ ತಿಂದು ಮುಗಿಸಿ, ಬೆರಳು ನೆಕ್ಕುತ್ತ ಆಕಾಶ ನೋಡುತ್ತಿದ್ದಳು.